ಏನೂ ಇಲ್ಲದ ಬಯಲಿನ ಚಿತ್ರೀಕರಣ

ಜಿದ್ದತ್ ಬಯಲಿನಲ್ಲಿ ಏನೂ ಇಲ್ಲ ಎಂಬುದು ಸರ್ಕಾರ ಖಚಿತಪಡಿಸಿರುವ ಸಂಗತಿ. ಈ ಬಯಲಿನಲ್ಲೇ ಹುಟ್ಟಿ, ಇಲ್ಲಿನ ಒಂಟೆಗಳ ಹಾಲು ಕುಡಿದು, ಇಲ್ಲಿನ ಬಿಸಿಲಲ್ಲೇ ಮೀಸೆ ಬರಿಸಿಕೊಂಡ ನಾನು ಇದನ್ನು ಒಪ್ಪಿಕೊಂಡಿದ್ದೇನೆ. ಯಾಕೆಂದರೆ ಖಚಿತಪಡಿಸಿದ ಕ್ರಮದಲ್ಲಿ ಎಲ್ಲಿಯೂ ಲೋಪವಾಗಿಲ್ಲ. ಆ ಹೊತ್ತಿಗೆ ನಾನೂ ಅಧಿಕಾರಿಯ ಕಾರಿನಲ್ಲೇ ಕೂತಿದ್ದೆ.

ರಾಜಧಾನಿಯಲ್ಲಿ ನಿರ್ಜನ ಪ್ರದೇಶಗಳ ಮಹಾಕಚೇರಿ ಎಂದೊಂದು ಕಚೇರಿ ಇದೆ. ನಾಡಿನಲ್ಲಿ ಎಲ್ಲೆಲ್ಲಿ ಯಾರೂ ಇಲ್ಲವೆಂದು ಕಂಡುಹಿಡಿದು, ಅಲ್ಲಿಗೆ ಸಿಬ್ಬಂದಿಯನ್ನು ನೇಮಿಸುವುದು ಅದರ ಕೆಲಸ. ಅಲ್ಲಿನ ಉಪನಿರ್ದೇಶಕರಾದ ಹಿಲಾಲ್ ಸಾಹೇಬರು ಸಮೀಕ್ಷೆಗೆಂದು ನಮ್ಮ ಕಡೆ ಬಂದಾಗ ದಾರಿ ತೋರಿಸಲು ನನ್ನನ್ನು ನೇಮಿಸಿಕೊಂಡರು. ದಾರಿಯೇ ಇಲ್ಲದ ಕಡೆ ದಾರಿ ತೋರಿಸುವವನಿಗೆ ಮೇಲಿನ ದರ್ಜೆ ಸಿಗುತ್ತದೆ ಎಂದು ಅವರೇ ಹೇಳಿದ್ದರು. ಸಾಹೇಬರು ಒಳ್ಳೆಯವರು, ಕೆಟ್ಟದ್ದು ಮಾಡುವಷ್ಟು ಬಿಡುವು ಅವರಿಗೆ ಯಾವತ್ತೂ ಇರಲಿಲ್ಲ.

ಬಯಲಿನ ನಡುವೆ ಒಂದು ಹಳೆಯ ಬನ್ನಿ ಮರ ಇದೆ. ಅದರ ಕೆಳಗೆ ನನ್ನ ಸೋದರತ್ತೆ ತುಫೂಲ್, ಅವಳ ಒಂಟೆಗಳು ಮತ್ತು ಆಡುಗಳು. ಕಾರು ಅಲ್ಲಿ ನಿಂತಿತು. ಒಳಗಿನ ತಂಪು ಹೊರಗೆ ಹೋಗದ ಹಾಗೆ ಸಾಹೇಬರು ಗಾಜನ್ನು ನಾಲ್ಕು ಬೆರಳಷ್ಟೇ ಇಳಿಸಿದರು.

“ಸಲಾಮು ಅಲೈಕುಮ್, ತಾಯೀ. ಏನು ಸುದ್ದಿ? ಈ ಕಡೆ ಏನೇನಿದೆ?”

“ವ ಅಲೈಕುಮ್ ಸಲಾಮ್, ಮಗಾ. ಏನೂ ಇಲ್ಲ. ಸುದ್ದಿಯೂ ಇಲ್ಲ, ಗಿದ್ದಿಯೂ ಇಲ್ಲ. ಎಲ್ಲಾ ಒಳ್ಳೇದೇ. ಇಳಿದು ಬಾ, ಕಾಫಿ ಕುಡಿ.”

ನಮ್ಮಲ್ಲಿ ಮರ್ಯಾದಸ್ಥರು ಮಾತಾಡುವುದೇ ಹೀಗೆ. ಏನು ಸುದ್ದಿ ಎಂದು ಕೇಳಿದರೆ ಏನೂ ಇಲ್ಲ ಎನ್ನಬೇಕು. ಆಮೇಲೆ ಖರ್ಜೂರ, ಆಮೇಲೆ ಕಾಫಿ. ಮೂರನೇ ಬಟ್ಟಲು ಮುಗಿಸಿ, ಸಾಕು ಎಂದು ಅದನ್ನು ಅಲುಗಿಸಿ ಕೆಳಗಿಟ್ಟ ಮೇಲೆ ನಿಜವಾದ ಸುದ್ದಿ ಹೊರಡುತ್ತದೆ. ನನ್ನ ಅಜ್ಜ ತೀರಿಕೊಂಡ ವಿಷಯ ತಿಳಿಸಲು ಬಂದ ಚಿಕ್ಕಪ್ಪ ಕೂಡ ಮೊದಲು ಏನೂ ಇಲ್ಲ, ಎಲ್ಲಾ ಒಳ್ಳೇದೇ ಎಂದಿದ್ದ. ಅವನ ಕಣ್ಣು ಕೆಂಪಗಿದ್ದರೂ ಅಜ್ಜಿ ಮೂರನೇ ಬಟ್ಟಲು ಬಗ್ಗಿಸುವವರೆಗೂ ಮಳೆಯ ಬಗ್ಗೆಯೇ ಮಾತಾಡಿದಳು. ಬಿಸಿಲಲ್ಲಿ ಬಂದವನ ಬಾಯಲ್ಲಿ ನೀರಿಲ್ಲದಾಗ ದುಃಖ ಹೇಳಿಸಬಾರದು, ಅಷ್ಟೇ ಅದರ ಅರ್ಥ.

“ಕಾಫಿಗೆ ಟೈಮಿಲ್ಲ ತಾಯೀ,” ಅಂದರು ಸಾಹೇಬರು. “ಮಧ್ಯಾಹ್ನದೊಳಗೆ ಇನ್ನೊಂದು ಕಡೆ ಯಾರೂ ಇಲ್ಲವಾ ಅಂತ ನೋಡ್ಕೊಂಡು ಬರಬೇಕು.”

ಗಾಜು ಮೇಲೇರಿತು. ನನಗೆ ತಡೆಯಲಾಗಲಿಲ್ಲ.

“ಸಾಹೇಬ್ರೇ, ಕಾಫಿ ಕುಡಿದ ಮೇಲೇನೇ ನಮ್ಮಲ್ಲಿ ಸುದ್ದಿ ಹೇಳೋದು.”

“ಮಬ್ಖೂತ್, ಸ್ಥಳೀಯರೇ ಬಾಯಿಬಿಟ್ಟು ಏನೂ ಇಲ್ಲ ಅಂದ್ಮೇಲೆ ಇನ್ನೇನು ಬೇಕು?”

“ಸ್ಥಳೀಯರು ಇದ್ದಾರೆ ಅಂತ ಆಯ್ತಲ್ಲ ಹಾಗಾದ್ರೆ?”

“ಅವರೇ ಇಲ್ಲ ಅಂದ್ರಲ್ಲಪ್ಪಾ!” ಎಂದು ನಕ್ಕು ಸಾಹೇಬರು ನನ್ನ ಭುಜ ತಟ್ಟಿದರು.

ಆ ದಿನ ಕಾಫಿ ಹೂಜಿಯಲ್ಲೇ ಉಳಿದುಹೋದ ಸುದ್ದಿ ಇಷ್ಟು. ಮರದಾಚೆ ಬಿಳಿ ಹುಲ್ಲೆಯೊಂದು ಮರಿ ಹಾಕಿತ್ತು. ಅತ್ತೆಯ ಮಗ ಬಖೀತನ ಪಿಕಪ್ ಮಗುಚಿ ಅವನ ಕೈ ಮುರಿದಿತ್ತು. ದಕ್ಷಿಣದಲ್ಲಿ ಮೇವು ಒಣಗಿ ನಮ್ಮ ಹರಾಸಿ ಕುಲದ ಅರ್ಧ ಜನ ಆಡು, ಒಂಟೆ, ನೀರಿನ ಟ್ಯಾಂಕು ಸಮೇತ ಅವಳ ಮರದ ಸುತ್ತಲೇ ಬಂದು ಇಳಿದಿದ್ದರು. ಇದ್ಯಾವುದೂ ವರದಿಗೆ ಹೋಗಲಿಲ್ಲ. ಹಬ್ಬಕ್ಕೆ ಮೊದಲೇ ಪ್ರಕಟಣೆ ಬಂತು:

“ಜಿದ್ದತ್ ಬಯಲು ಇಂದಿನಿಂದ ನಿರ್ಜನ. ಅಲ್ಲಿ ವಾಸಿಸುವವರು ಇದನ್ನು ಗಮನಿಸತಕ್ಕದ್ದು.”

ನಾವು ಗಮನಿಸಿದೆವು.

ಪ್ರಕಟಣೆಯ ಹಿಂದೆಯೇ ಯೋಜನೆಯೂ ಬಂತು. ಬಯಲಿನ ಬಗ್ಗೆ ದೊಡ್ಡದೊಂದು ಚಿತ್ರ ತೆಗೆಯುವುದು. ರಾಜಧಾನಿಯಲ್ಲಿ ಅದರ ಪ್ರದರ್ಶನವಾದ ಕೂಡಲೇ ಬಯಲಿಗೆ ತಂತಿ ಬೇಲಿ ಹಾಕಿ ವನ್ಯಧಾಮ ಮಾಡುವುದು. ಒಳಗೆ ಯಾರೂ ಇಲ್ಲದ್ದರಿಂದ ಯಾರ ಆಕ್ಷೇಪವೂ ಬರುವುದಿಲ್ಲವೆಂದು ಯೋಜನೆಯಲ್ಲಿ ಸ್ಪಷ್ಟಪಡಿಸಲಾಗಿತ್ತು. ಇದನ್ನು ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಬಟ್ಟಲು ಕುಡಿದು ಹೇಳಿದೆ.

“ಬೇಲಿ ಹಾಕ್ತಾರಂತೆ, ಅತ್ತೆ. ಒಳಗಿರೋರಿಗೆಲ್ಲ ಹೈಮಾ ಪೇಟೆಯಲ್ಲಿ ಸಿಮೆಂಟಿನ ಮನೆ ಕೊಡ್ತಾರಂತೆ.”

“ಒಳಗೆ ಯಾರೂ ಇಲ್ಲ ಅಂದಿದ್ರಂತಲ್ಲೋ?”

“ಇಲ್ಲದೋರಿಗೇ ಕೊಡೋದು.”

“ಆ ಮನೆ ಮುಂದೆ ಮರ ಇದೆಯಾ?”

“ಏಸಿ ಇದೆ.”

“ಏಸಿ ಕೆಳಗೆ ಒಂಟೆ ಮಲಗುತ್ತಾ?” ಎಂದಳು. ಸ್ವಲ್ಪ ಹೊತ್ತು ಬಟ್ಟಲುಗಳನ್ನು ತೊಳೆದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: “ನಮ್ಮವ್ವ ನನ್ನ ಹೆತ್ತಿದ್ದು ಈ ಮರದ ಕೆಳಗೆ. ನಿಮ್ಮ ಮಾವನ್ನ ಮಣ್ಣು ಮಾಡಿದ್ದು ಅಗೋ, ಆ ದಿಬ್ಬದ ಹತ್ರ. ಇಲ್ಲಿಂದ ಎಬ್ಬಿಸಿದ್ರೆ ನಾನು ಬದುಕಲ್ಲ, ಮಬ್ಖೂತಾ. ನಿಮ್ಮ ಸಾಹೇಬರಿಗೆ ಹೇಳು.”

ಅವಳು ಯಾವತ್ತೂ ಯಾರನ್ನೂ ಏನನ್ನೂ ಕೇಳಿದವಳಲ್ಲ. ಸಾಹೇಬರಿಗೆ ಹೇಳಿದೆ. ಇಲ್ಲದಿರುವವರ ಮನವಿಯನ್ನು ಯಾವ ವಿಭಾಗಕ್ಕೆ ಕಳಿಸಬೇಕೆಂದು ವಿಚಾರಿಸಿ ತಿಳಿಸುವುದಾಗಿ ಅವರು ಪ್ರಾಮಾಣಿಕವಾಗಿ ಮಾತು ಕೊಟ್ಟರು.

ಅಷ್ಟರಲ್ಲಿ ಚಿತ್ರತಂಡ ಬಂದಿಳಿಯಿತು. ಬೈರೂತಿನ ಉಸ್ತಾದ್ ನದೀಮ್ ಎಂಬುವರು ನಿರ್ದೇಶಕರು. ಚಿತ್ರದ ಹೆಸರು ‘ಮನುಷ್ಯನ ಹೆಜ್ಜೆ ಬೀಳದ ನೆಲ’. ಆ ನೆಲವನ್ನು ತೋರಿಸಲು ಬಂದವರ ಸಂಖ್ಯೆ ನಮ್ಮ ಕುಲದವರಿಗಿಂತ ಹೆಚ್ಚಿತ್ತು. ಅಡುಗೆಯವರು, ಡೇರೆ ಹೊಡೆಯುವವರು, ಆಕಾಶದಿಂದ ಚಿತ್ರ ತೆಗೆಯುವ ಯಂತ್ರ ಹಾರಿಸುವವರು, ಆ ಯಂತ್ರ ಬಿದ್ದರೆ ಹುಡುಕುವವರು ಎಲ್ಲ ಇದ್ದರು. ಮರಳಿನ ಮೇಲೆ ಮೂಡಿದ ಹೆಜ್ಜೆಗಳನ್ನು ಪೊರಕೆಯಿಂದ ಅಳಿಸಲು ಒಬ್ಬನಿದ್ದ. ಅವನ ಹೆಜ್ಜೆಗಳನ್ನು ಅಳಿಸಲು ಇನ್ನೊಬ್ಬನಿದ್ದ. ಎರಡನೆಯವನ ಹೆಜ್ಜೆಗಳ ವಿಷಯ ತೀರ್ಮಾನವಾಗುವವರೆಗೆ ಮೊದಲ ವಾರ ಚಿತ್ರೀಕರಣ ನಿಂತಿತ್ತು.

ಉಸ್ತಾದ್ ನದೀಮ್ ಮೃದು ಹೃದಯದವರು. ಸೂರ್ಯ ಮುಳುಗಿದಾಗಲೆಲ್ಲ ಅಳುತ್ತಿದ್ದರು. ಅವರು ಕೇಳಿದ್ದು ಒಂದೇ, ಚೌಕಟ್ಟಿನಲ್ಲಿ ಮನುಷ್ಯರಾಗಲೀ ಮನುಷ್ಯರ ಆಡಾಗಲೀ ಟ್ಯಾಂಕಾಗಲೀ ಕಾಣಬಾರದು. ಆದರೆ ಕ್ಯಾಮೆರಾ ಯಾವ ಕಡೆ ತಿರುಗಿದರೂ ನಮ್ಮವರು ಯಾರಾದರೂ ಕಾಣುತ್ತಿದ್ದರು, ಮೇಲಾಗಿ ಕೈಬೀಸಿ ಊಟಕ್ಕೆ ಕರೆಯುತ್ತಿದ್ದರು. ಹಿಲಾಲ್ ಸಾಹೇಬರು ಕೂಡಲೇ ನಿಯಮ ಹೊರಡಿಸಿದರು:

“ಇಲ್ಲದಿರುವ ವ್ಯಕ್ತಿಗಳು ಸದಾ ಕ್ಯಾಮೆರಾದ ಹಿಂಭಾಗದಲ್ಲಿ ಇರತಕ್ಕದ್ದು.”

ನಮ್ಮವರು ನಿಯಮ ಪಾಲಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಮಾರನೆಯ ಬೆಳಿಗ್ಗೆ ಇಡೀ ಕುಲ ಸಂಸಾರ ಕಟ್ಟಿಕೊಂಡು ಕ್ಯಾಮೆರಾದ ಹಿಂದೆ ಬಂದು ಬಿಡಾರ ಹೂಡಿತು. ಕ್ಯಾಮೆರಾ ಉತ್ತರಕ್ಕೆ ಹೊರಟರೆ ಪಿಕಪ್‌ಗಳು, ಒಂಟೆಗಳು, ಮಕ್ಕಳು, ಮುದುಕರು ಎಲ್ಲ ಹಿಂದೆಯೇ ಉತ್ತರಕ್ಕೆ. ಕ್ಯಾಮೆರಾ ಎಡಕ್ಕೆ ಹೊರಳಿದರೆ ಇಡೀ ಕುಲ ಎದ್ದೆನೋ ಬಿದ್ದೆನೋ ಎಂದು ಬಲದಿಂದ ಸುತ್ತಿ ಓಡುತ್ತಿತ್ತು. ಚಿತ್ರತಂಡದ ಅಡುಗೆ ಡೇರೆಯೂ ಕ್ಯಾಮೆರಾದ ಹಿಂದೆಯೇ ಇದ್ದುದರಿಂದ ಮಧ್ಯಾಹ್ನದ ಅನ್ನ, ಮಾಂಸ ಎಲ್ಲರಿಗೂ ಅಲ್ಲೇ ಆಗುತ್ತಿತ್ತು. ಇಲ್ಲದಿರುವುದು ಇಷ್ಟು ಸುಖವೆಂದು ಮೊದಲೇ ಗೊತ್ತಿರಲಿಲ್ಲ ಎಂದು ಬಖೀತ್ ಮುರಿದ ಕೈಯನ್ನು ಕತ್ತಿಗೆ ನೇತುಹಾಕಿಕೊಂಡೇ ಎರಡನೇ ತಟ್ಟೆ ಬಡಿಸಿಕೊಂಡ.

ಚೌಕಟ್ಟು ಈಗ ಶುದ್ಧವಾಯಿತು. ಎಷ್ಟು ಶುದ್ಧವೆಂದರೆ ಅದರಲ್ಲಿ ಪ್ರಾಣಿಗಳೂ ಇರಲಿಲ್ಲ. ವಾರಗಟ್ಟಲೆ ಕಾದರೂ ಒಂದು ಚಿಗರೆ ಸುಳಿಯಲಿಲ್ಲ, ಒಂದು ನರಿ ಬಾಲ ತೋರಿಸಲಿಲ್ಲ. ಉಸ್ತಾದ್ ಸೂರ್ಯ ಮುಳುಗುವ ಮೊದಲೇ ಅಳಲು ಶುರುಮಾಡಿದರು. ಒಂದು ದಿನ ಬೆಳಗಿನ ಮಂಜಿನಲ್ಲಿ ಅವರು ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾಕ್ಕೆ ಕಣ್ಣಿಟ್ಟು ಪಿಸುಗುಟ್ಟಿದರು: “ಉಸಿರಾಡಬೇಡ್ರೋ. ಎಲ್ಲೋ ಹತ್ತಿರದಲ್ಲೇ ಬಿಳಿ ಹುಲ್ಲೆ ಇದೆ. ಮೆಲುಕು ಹಾಕೋ ಸದ್ದು ಕೇಳಿಸ್ತಾ ಇದೆ.”

“ಇದೆ, ಉಸ್ತಾದ್,” ಅಂದೆ. “ನಿಮ್ಮ ಹಿಂದೆ.”

ಅವರು ತಿರುಗಿ ನೋಡಿದರು. ನೆಟ್ಟಗಿನ ಉದ್ದ ಕೊಂಬಿನ ಹುಲ್ಲೆಗಳ ಹಿಂಡೊಂದು ಕ್ಯಾಮೆರಾದ ಹಿಂದೆ ನಿಯಮಾನುಸಾರ ಮಲಗಿತ್ತು. ನಡುವೆ ಅತ್ತೆ ಕೂತು ಆಡು ಕರೆಯುತ್ತಿದ್ದಳು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಹುಲ್ಲೆಗಳು ಅವಳ ಮರದ ನೆರಳಿನಲ್ಲೇ ಬೆಳೆದವು. ಬೇಟೆಗಾರರ ಜೀಪು ಬಂದಾಗಲೆಲ್ಲ ಅವಳ ಆಡುಗಳ ಮಧ್ಯೆ ಬಂದು ನಿಂತು ಜೀವ ಉಳಿಸಿಕೊಂಡಿದ್ದವು. ಅವಳು ಹೋದ ಕಡೆ ಅವೂ ಹೋಗುತ್ತವೆ. ಹುಲ್ಲೆ ಹೋದಲ್ಲಿಗೆ ಚಿಗರೆ, ಚಿಗರೆಯ ಹಿಂದೆ ನರಿ. ನಿಯಮ ಬಂದ ದಿನದಿಂದ ಬಯಲಿನ ಸಮಸ್ತ ವನ್ಯಜೀವಿಗಳೂ ಕ್ಯಾಮೆರಾದ ಹಿಂದೆಯೇ ವಾಸವಾಗಿದ್ದವು.

ಉಸ್ತಾದ್ ಕ್ಯಾಮೆರಾವನ್ನು ಸರಕ್ಕನೆ ಹಿಂದಕ್ಕೆ ತಿರುಗಿಸಿದರು. ಅತ್ತೆ ನಿಯಮ ನೆನಪಿಸಿಕೊಂಡು, ಪಾತ್ರೆ ಎತ್ತಿಕೊಂಡು, ಸುತ್ತಿ ಬಂದು ಮತ್ತೆ ಕ್ಯಾಮೆರಾದ ಹಿಂದೆ ಕೂತಳು. ಹುಲ್ಲೆಗಳೂ ಎದ್ದು ಬಂದು ಕೂತವು. ಕ್ಯಾಮೆರಾ ಮತ್ತೆ ತಿರುಗಿತು, ಅವಳು ಮತ್ತೆ ಎದ್ದಳು. ಬಿಸಿಲೇರುವವರೆಗೂ ಇದು ನಡೆಯಿತು. ಕೊನೆಗೆ ಕ್ಯಾಮೆರಾ ಹಿಡಿದವನಿಗೆ ತಲೆ ಸುತ್ತು ಬಂದು ಅವನೇ ಚೌಕಟ್ಟಿನೊಳಗೆ ಬಿದ್ದ.

“ಈ ಅಮ್ಮ ಯಾರು?” ಉಸ್ತಾದ್ ಏದುಸಿರು ಬಿಡುತ್ತ ಕೇಳಿದರು.

“ಯಾರೂ ಇಲ್ಲ,” ಎಂದರು ಹಿಲಾಲ್ ಸಾಹೇಬರು.

“ಅಲ್ಲಿ ಕೂತಿದ್ದಾರಲ್ಲ!”

“ಕೂತಿರೋದು ಬೇರೆ, ಇರೋದು ಬೇರೆ, ಉಸ್ತಾದ್. ಪ್ರಕಟಣೆ ನೋಡಿ.”

“ಹಾಗಾದ್ರೆ ಇಲ್ಲದಿರೋ ಆ ಅಮ್ಮನಿಗೆ ಸ್ವಲ್ಪ ಮುಂದೆ ಬಂದು ಕೂತ್ಕೊಳ್ಳೋಕೆ ಹೇಳಿ. ಇಲ್ಲಾಂದ್ರೆ ಚಿತ್ರವೂ ಇಲ್ಲ.”

ಸಾಹೇಬರ ಮುಖ ಬಿಳುಚಿಕೊಂಡಿತು. ಅವಳು ಮುಂದೆ ಬಂದರೆ ಚಿತ್ರದಲ್ಲಿ ಮನುಷ್ಯ ಕಾಣುತ್ತಾನೆ, ಪ್ರಕಟಣೆ ಸುಳ್ಳಾಗುತ್ತದೆ. ಬರದಿದ್ದರೆ ಪ್ರಾಣಿ ಕಾಣುವುದಿಲ್ಲ, ವನ್ಯಧಾಮ ಸುಳ್ಳಾಗುತ್ತದೆ. ಅವರು ಆ ಮಧ್ಯಾಹ್ನವೇ ರಾಜಧಾನಿಗೆ ಹೋದರು. ಅಲ್ಲಿ ಯಾರ ಯಾರ ಕೋಣೆಗೆ ಹೋದರೋ ತಿಳಿಯದು; ಬರುವಾಗ ಮುಖದಲ್ಲಿ ಕಳೆ ಇತ್ತು, ಕೈಯಲ್ಲಿ ಸ್ಪಷ್ಟೀಕರಣ ಇತ್ತು. ಅದನ್ನು ಅವರು ಬನ್ನಿ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದಿದರು:

“ನಿರ್ಜನ ಪ್ರದೇಶದಲ್ಲಿ ಕ್ಯಾಮೆರಾದ ಮುಂದೆ ಕಂಡುಬರುವ ಜೀವಿಗಳನ್ನೆಲ್ಲ ವನ್ಯಜೀವಿಗಳೆಂದೇ ಪರಿಗಣಿಸತಕ್ಕದ್ದು.”

ಅತ್ತೆಗೆ ಅರ್ಥವಾಗಲಿಲ್ಲ. “ಏನಂತೆ, ಮಬ್ಖೂತಾ?”

“ನೀನು ಮುಂದೆ ಬಂದು ಕೂತ್ರೆ ಕಾಡುಪ್ರಾಣಿ ಅಂತ, ಅತ್ತೆ.”

ನಾನು ಅವಳ ಕೋಲಿಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದೇ ಹೇಳಿದ್ದೆ. ಅವಳು ಕೋಲೆತ್ತಲಿಲ್ಲ. ಮುಖದ ಮೇಲಿನ ಬುರ್ಖಾ ಸರಿಪಡಿಸಿಕೊಂಡು ಸಾಹೇಬರನ್ನು ಹತ್ತಿರ ಕರೆದಳು.

“ಬೇಲಿ ಹಾಕಿದ್ಮೇಲೆ ಆ ಹುಲ್ಲೆಗೆ ಏನು ಕೊಡ್ತೀಯಾ, ಮಗಾ?”

“ಟ್ಯಾಂಕರಿನಲ್ಲಿ ನೀರು ಬರತ್ತೆ, ತಾಯೀ. ಬರಗಾಲದಲ್ಲಿ ಮೇವು ಕೊಡ್ತೀವಿ. ವಾರಕ್ಕೊಂದ್ಸಲ ಪಶುವೈದ್ಯರು ಬರ್ತಾರೆ.”

“ಅದನ್ನ ಅದರ ನೆರಳಿಂದ ಎಬ್ಬಿಸಿದ್ರೆ?”

“ಎಬ್ಬಿಸೋ ಹಾಗೇ ಇಲ್ಲ! ಅದರ ಜಾಗದಿಂದ ಒಂದು ಮೊಳ ಅಲ್ಲಾಡಿಸಿದ್ರೂ ಜೈಲು.”

“ನನ್ನ ಒಂಟೆಗಳು?”

“ವನ್ಯಜೀವಿಯ ಜೊತೆಗಿರೋ ಹಿಂಡೂ ವನ್ಯವೇ.”

“ಮನುಷ್ಯರಿಗೆ?”

“ಮನುಷ್ಯರಿಗೆ ಹೈಮಾದಲ್ಲಿ ಮನೆ.”

“ಇನ್ನು ಕೇಳೋದೇನಿದೆಯಪ್ಪಾ,” ಎಂದು ಅತ್ತೆ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದಳು. “ಎಲ್ಲಿ ಕೂತ್ಕೋಬೇಕು ಹೇಳು.”

ಸುದ್ದಿ ಹಬ್ಬಿದ್ದೇ ತಡ, ನಮ್ಮವರೆಲ್ಲ ತಮ್ಮನ್ನೂ ವನ್ಯರೆಂದು ಪರಿಗಣಿಸಬೇಕೆಂದು ಮುಗಿಬಿದ್ದರು. ಕಚೇರಿ ಕಣ್ಣುಮುಚ್ಚಿ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಆದ್ದರಿಂದ ಪರೀಕ್ಷೆ ಏರ್ಪಟ್ಟಿತು. ಪರೀಕ್ಷೆ ಸರಳ. ಕರೆದರೆ ಬರುವುದು ಸಾಕಿದ ಪ್ರಾಣಿ, ಬಾರದಿರುವುದು ವನ್ಯ. ಮೊದಲು ಅತ್ತೆಯ ಸರದಿ. ಸಾಹೇಬರು ದೂರದಲ್ಲಿ ನಿಂತು “ತುಫೂಲ್! ಬನ್ನಿ ಇಲ್ಲಿ!” ಎಂದು ಕೂಗಿದರು.

“ಬೇಕಿದ್ದೋನು ನೀನೇ ಬಾ,” ಎಂದಳು ಅತ್ತೆ, ತಲೆಯೆತ್ತದೆ.

ಶ್ರೇಷ್ಠ ದರ್ಜೆಯಲ್ಲಿ ತೇರ್ಗಡೆಯಾದಳು. ಅವಳ ಓರಗೆಯ ಕೆಲವು ಮುದುಕರೂ ಕಿವುಡಿನ ಬಲದಿಂದ ಪಾರಾದರು. ಉಳಿದವರು ಜೇಬಿನಲ್ಲಿ ಫೋನು ಗುಂಯ್ ಎಂದ ಕೂಡಲೇ ಎದ್ದು ಓಡಿದರು, ಸಾಕಿದ ಪ್ರಾಣಿಗಳೆಂದು ನಿರ್ಧಾರವಾಗಿ ಅವರಿಗೆಲ್ಲ ಹೈಮಾದ ಮನೆ ಸಿಕ್ಕಿತು. ಬಖೀತನಿಗೆ ಕರೆ ಮಾಡಿದ್ದು ಅವನ ಹೆಂಡತಿ. ಕಡೆಯವನು ನಾನು. ಹಿಂದಿನ ದಿನವಿಡೀ ಅಭ್ಯಾಸ ಮಾಡಿದ್ದೆ. ಬನ್ನಿ ಮರಕ್ಕೆ ಒರಗಿ, ಕಣ್ಣು ಮುಚ್ಚಿ, ಯಾರು ಕರೆದರೂ ಅಲ್ಲಾಡಬಾರದೆಂದು ಹಲ್ಲು ಕಚ್ಚಿ ನಿಂತೆ.

“ಮಬ್ಖೂತ್!” ಅಂದರು ಸಾಹೇಬರು.

“ಬಂದೆ, ಸಾಹೇಬ್ರೇ!” ಅಂದೆ.

ನನ್ನ ಕಾಲುಗಳು ಅವರ ಮುಂದೆ ಹೋಗಿ ನಿಂತ ಮೇಲೇ ನನಗೆ ವಿಷಯ ತಿಳಿದಿದ್ದು. ಅತ್ತೆ ತಲೆ ಚಚ್ಚಿಕೊಂಡಳು. “ಸಂಬಳ ತಿಂದೋನು ನೋಡು,” ಎಂದು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಚಾಪೆಯ ಮೇಲೆ. ಬೇಲಿಯ ಯಾವ ಕಡೆಗೆ ಯಾರು ಉಳಿದರೆಂಬುದು ಇಬ್ಬರಿಗೂ ಆಗ ಹೊಳೆಯಿತು.

ಚಿತ್ರ ಬಹಳ ಚೆನ್ನಾಗಿ ಬಂತು. ರಾಜಧಾನಿಯಲ್ಲಿ ಅದು ಮೊದಲ ಸಲ ತೆರೆಕಂಡಾಗ ನನಗೂ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಹುಲ್ಲೆಗಳು ಬಂದವು, ಚಿಗರೆಗಳು ಬಂದವು, ಅವುಗಳ ನಡುವೆ ಅತ್ತೆ ಬಂದಳು. ಉಸ್ತಾದರ ಗಂಭೀರ ಧ್ವನಿ ಕೇಳಿಸಿತು: “ಈ ಅಪರೂಪದ ಜೀವಿಯ ಸ್ವಭಾವ ಏಕಾಂಗಿ. ಬೆಳಗಿನ ಜಾವ ಎದ್ದು ಬೆಂಕಿ ಹೊತ್ತಿಸುತ್ತದೆ. ಏಲಕ್ಕಿ ಹಾಕಿದ ಕಾಫಿಯನ್ನು ಇಷ್ಟಪಡುತ್ತದೆ. ಹತ್ತಿರ ಹೋದರೆ ಬೈಯುತ್ತದೆ. ಇವುಗಳ ಸಂತತಿ ಕಡಿಮೆಯಾಗುತ್ತಿದೆ.” ಸಭಾಂಗಣದಲ್ಲಿ ಜನ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಇಂಥ ಜೀವಿಗಳು ನಮ್ಮ ನಾಡಿನಲ್ಲೇ ಇವೆಯೆಂದು ತನಗೆ ತಿಳಿದೇ ಇರಲಿಲ್ಲ ಎಂದಳು. ಅದು ನಮ್ಮತ್ತೆ ಎಂದು ನಾನು ಹೇಳಿದೆ. ಪ್ರಾಣಿಗಳ ಮೇಲೆ ಅಷ್ಟು ಪ್ರೀತಿ ಇರುವವರು ಅಪರೂಪವೆಂದು ಆಕೆ ಮೆಚ್ಚಿಕೊಂಡಳು.

ಈಗ ಬೇಲಿ ಬಂದಿದೆ. ಬಯಲು ಸುರಕ್ಷಿತವಾಗಿದೆ. ಅತ್ತೆಯ ಮರ, ಒಂಟೆ, ಆಡು, ಮಾವನ ದಿಬ್ಬ ಎಲ್ಲವೂ ಇದ್ದ ಕಡೆಯೇ ಇವೆ, ಯಾರೂ ಅವಳನ್ನು ಒಂದು ಮೊಳ ಅಲ್ಲಾಡಿಸುವ ಹಾಗಿಲ್ಲ. ಹೇಳಿದ ಹಾಗೆ ನೀರು ಬರುತ್ತದೆ, ಪಶುವೈದ್ಯರು ಬರುತ್ತಾರೆ. ಹಿಲಾಲ್ ಸಾಹೇಬರಿಗೆ ಬಡ್ತಿಯಾಗಿದೆ. ನನಗೆ ವನ್ಯಧಾಮದ ಬಾಗಿಲಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿದೆ. ಶುಕ್ರವಾರ ರಜೆ, ಆ ದಿನ ನಮಾಜು ಮುಗಿಸಿ ನಾನೂ ಟಿಕೆಟ್ ಕೊಂಡು ಅತ್ತೆಯನ್ನು ನೋಡಲು ಹೋಗುತ್ತೇನೆ.

ಮರದ ಸುತ್ತ ಇನ್ನೊಂದು ಒಳಬೇಲಿ ಇದೆ. ಅದರ ಮೇಲೆ ಫಲಕ: “ವನ್ಯಜೀವಿಗಳಿಗೆ ಆಹಾರ ಕೊಡಬಾರದು.” ವನ್ಯಜೀವಿಗಳು ಬಂದವರಿಗೆ ಕೊಡಬಾರದೆಂದು ಎಲ್ಲೂ ಬರೆದಿಲ್ಲ. ಅತ್ತೆ ನನ್ನನ್ನು ಕಂಡ ಕೂಡಲೇ ಹೂಜಿ ಹಿಡಿದು ಬೇಲಿಯ ಹತ್ತಿರ ಬರುತ್ತಾಳೆ. ತಂತಿಯ ಕಿಂಡಿಯಲ್ಲಿ ಮೊದಲು ಖರ್ಜೂರ, ಆಮೇಲೆ ಕಾಫಿಯ ಪುಟ್ಟ ಬಟ್ಟಲು ದಾಟಿಸುತ್ತಾಳೆ. ಆ ಕಿಂಡಿಯಲ್ಲಿ ಬಟ್ಟಲು ಸರಿಯಾಗಿ ಹಿಡಿಸುತ್ತದೆ.

ಕಳೆದ ಶುಕ್ರವಾರ ಅವಳು ಬರುವಾಗ ಕುಂಟುತ್ತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು.

“ಏನು ಸುದ್ದಿ, ಅತ್ತೆ?”

“ಏನೂ ಇಲ್ಲ, ಮಬ್ಖೂತಾ. ಎಲ್ಲಾ ಒಳ್ಳೇದೇ. ನಿಂದೇನು ಸುದ್ದಿ?”

“ಏನೂ ಇಲ್ಲ. ಎಲ್ಲಾ ಒಳ್ಳೇದೇ.”

ಮೊದಲ ಬಟ್ಟಲು ಕುಡಿದೆ. ಎರಡನೆಯದೂ ಆಯಿತು. ಅವಳು ಮೂರನೆಯದಕ್ಕೆ ಹೂಜಿ ಬಗ್ಗಿಸುತ್ತಿದ್ದಾಗ ಕಾವಲುಗಾರ ಸೀಟಿ ಊದಿದ. ವನ್ಯಜೀವಿಗೆ ದಣಿವಾಗಬಾರದೆಂದು ಭೇಟಿಯ ಸಮಯಕ್ಕೆ ಮಿತಿ ಹಾಕಿದ್ದಾರೆ, ಅದರೊಳಗೆ ಎಷ್ಟು ಬಿಸಿಬಿಸಿ ಕುಡಿದರೂ ಎರಡೇ ಬಟ್ಟಲು ಆಗುವುದು. ಅವಳ ಕಾಲಿಗೆ ಏನಾಗಿದೆ ಎಂಬುದು ನನಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿಗೆ ದಿನ ತುಂಬಿದೆ ಎಂಬುದು ಅವಳಿಗೆ ಗೊತ್ತಾಗಲಿಲ್ಲ. ಅರ್ಧ ತುಂಬಿದ ಬಟ್ಟಲು ಅವಳ ಕೈಯಲ್ಲೇ ಉಳಿಯಿತು, ನಾನು ಹಿಂದಿರುಗಿ ನೋಡುತ್ತಲೇ ಬಂದೆ.

ಬಾಗಿಲಲ್ಲಿ ಹಿಲಾಲ್ ಸಾಹೇಬರ ಕಾರು ನಿಂತಿತ್ತು. ತಿಂಗಳ ತಪಾಸಣೆಗೆ ಬಂದಿದ್ದರು. ಗಾಜು ನಾಲ್ಕು ಬೆರಳಷ್ಟು ಇಳಿಯಿತು.

“ಏನು ಮಬ್ಖೂತ್, ಒಳಗೆ ಏನು ಸುದ್ದಿ?”

“ಏನೂ ಇಲ್ಲ, ಸಾಹೇಬ್ರೇ. ಎಲ್ಲಾ ಒಳ್ಳೇದೇ,” ಅಂದೆ. “ಇಳಿದು ಬನ್ನಿ, ಕಾಫಿ ಕುಡೀರಿ.”

“ಟೈಮಿಲ್ಲಪ್ಪಾ,” ಎಂದು ಅವರು ಗಾಜು ಏರಿಸಿದರು.